ಹದಿಮೂರರ ವೇಗದ ಹಳದಿ ಡಿಸ್ಕ್

ಏನೂ ಬಾರದವನಿಗೆ ಒಂದು ಬಗೆಯ ನೆಮ್ಮದಿ ಇರುತ್ತದೆ, ಎಲ್ಲ ಬಲ್ಲವನಿಗೆ ಇನ್ನೊಂದು ಬಗೆಯದು. ಅಷ್ಟಿಷ್ಟು ಕಲಿತವನ ಪಾಡು ಮಾತ್ರ ಹಗೆಗೂ ಬೇಡ. ಡಿಸ್ಕ್ ಗಾಲ್ಫ್ ಎಂಬ ಆಟದಲ್ಲಿ ನಾನೀಗ ಆ ನಡುನೀರಿನಲ್ಲಿ ಇದ್ದೇನೆ. ಕೂಡ್ಲಿಗಿಯಲ್ಲಿ ಔಷಧಿ ಅಂಗಡಿ ಇಟ್ಟುಕೊಂಡ, ಅರವತ್ತರ ಹತ್ತಿರದ, ಹೊಟ್ಟೆ ಮುಂದೆ ಬಂದ ಮನುಷ್ಯನಿಗೆ ಈ ಆಟ ಎಲ್ಲಿಂದ ಗಂಟುಬಿತ್ತು ಎಂದು ನೀವು ಕೇಳಬಹುದು. ಎಲ್ಲ ನನ್ನ ಬಾಲ್ಯದ ಗೆಳೆಯ ವೀರಭದ್ರಪ್ಪನ ಕೃಪೆ. ಪಿ.ಟಿ. ಮೇಷ್ಟ್ರಾಗಿದ್ದವನು ನಿವೃತ್ತನಾದ ಮೇಲೆ ಸುಮ್ಮನೆ ಕೂರಲಾರದೆ, ಊರಾಚೆಯ ತನ್ನ ಕಲ್ಲುಭೂಮಿಯಲ್ಲಿ ಮೂರು ಕಬ್ಬಿಣದ ಕಂಬ ನೆಟ್ಟ. ವೆಲ್ಡಿಂಗ್ ಅಂಗಡಿಯಲ್ಲಿ ಬುಟ್ಟಿ ಮಾಡಿಸಿ ಕಂಬಕ್ಕೆ ಕೂರಿಸಿ, ಮೇಲಿನಿಂದ ದನ ಕಟ್ಟುವ ಸರಪಳಿಗಳನ್ನು ಇಳಿಬಿಟ್ಟ. ದೂರದಿಂದ ಒಂದು ಪ್ಲಾಸ್ಟಿಕ್ ತಟ್ಟೆಯನ್ನು ಎಸೆಯಬೇಕು, ಅದು ಬಿದ್ದಲ್ಲಿಂದ ಮತ್ತೆ ಎಸೆಯಬೇಕು, ಕೊನೆಗೆ ಆ ಸರಪಳಿಗೆ ಬಡಿದು ಬುಟ್ಟಿಗೆ ಬೀಳಿಸಬೇಕು. ಕಡಿಮೆ ಎಸೆತದಲ್ಲಿ ಮುಗಿಸಿದವನು ಗೆದ್ದ. ಅಷ್ಟೇ ಆಟ. ನಮ್ಮಣ್ಣ ತೀರಿಕೊಂಡ ಮೇಲೆ ನಾನು ಅಂಗಡಿ ಬಿಟ್ಟರೆ ಮನೆ, ಮನೆ ಬಿಟ್ಟರೆ ಅಂಗಡಿ ಎಂದು ಮುದುಡಿಕೊಂಡಿದ್ದೆ. ಭಾನುವಾರ ಬೆಳಗಾದರೆ ಬಾಗಿಲಿಗೆ ಸ್ಕೂಟರ್ ತಂದು ಹಾರ್ನ್ ಬಾರಿಸಿ, ನಾನು ಹತ್ತುವವರೆಗೂ ಬಾರಿಸುತ್ತಲೇ ಇದ್ದು, ನನ್ನನ್ನು ಬಯಲಿಗೆ ಎಳೆದವನು ಅವನು.

ಮೊದಮೊದಲು ಅವನ ಡಿಸ್ಕುಗಳನ್ನೇ ಎಸೆಯುತ್ತಿದ್ದೆ. ಎಲ್ಲಿ ಬಿದ್ದರೂ ಸಂತೋಷವಾಗುತ್ತಿತ್ತು. ಸ್ವಲ್ಪ ಕೈ ಕುದುರಿತು ನೋಡಿ, ನನ್ನದೇ ಡಿಸ್ಕ್ ಬೇಕು ಅನ್ನಿಸಿತು. ಅಲ್ಲಿಗೆ ಸಂತೋಷ ಮುಗಿಯಿತು. ಪ್ರತಿ ಡಿಸ್ಕಿನ ಮೇಲೂ ನಾಲ್ಕು ಅಂಕಿಗಳಿರುತ್ತವೆ. ಎಷ್ಟು ವೇಗ, ಎಷ್ಟು ಹೊತ್ತು ತೇಲುತ್ತದೆ, ಹೊರಡುವಾಗ ಎಷ್ಟು ಬಲಕ್ಕೆ ವಾಲುತ್ತದೆ, ಕೊನೆಗೆ ಎಷ್ಟು ಎಡಕ್ಕೆ ಬೀಳುತ್ತದೆ ಎಂದು. ನಾನು ಮೊದಲನೆಯದನ್ನು ಮಾತ್ರ ಓದಿದೆ.

"ನಿನ್ನ ತೋಳಿಗೆ ಐದರ ವೇಗದ್ದು ಸಾಕಲೇ ಕೊಟ್ರೇಶಿ. ಹಗುರಾದ್ದು ತಗೋ, ನೆಟ್ಟಗ ಹೋಗತೈತಿ," ಎಂದು ವೀರಭದ್ರಪ್ಪ ಹೇಳಿದ್ದ. ವೇಗದ ಡಿಸ್ಕಿಗೆ ವೇಗದ ತೋಳೇ ಬೇಕು, ಇಲ್ಲದಿದ್ದರೆ ಕೈಬಿಟ್ಟ ಕೂಡಲೇ ಎಡಕ್ಕೆ ಉರುಳುತ್ತದೆ ಎಂದೂ ಹೇಳಿದ್ದ. ಅಂಗಡಿಗೆ ಬಂದು "ಪವರ್ ಇರೋ ಗುಳಗಿ ಕೊಡ್ರಿ" ಎನ್ನುವವರಿಗೆಲ್ಲ, "ಮೈಗೆ ಒಗ್ಗಿದ್ದಷ್ಟೇ ಔಷಧಿ ಕಣಪ್ಪಾ" ಎಂದು ಉಪದೇಶ ಮಾಡುವ ನಾನು, ಫೋನಿನಲ್ಲಿ ಹುಡುಕಿ ಹುಡುಕಿ ಹದಿಮೂರರ ವೇಗದ್ದನ್ನೇ ತರಿಸಿದೆ. ಹಳದಿ ಬಣ್ಣ, ಅಂಚು ಚಾಕುವಿನಂತೆ ತೆಳುವು. ಕೈಯಲ್ಲಿ ಹಿಡಿದದ್ದೇ ವಯಸ್ಸು ಹತ್ತು ವರ್ಷ ಕಡಿಮೆಯಾದಂತಾಯಿತು. ಎಸೆದೆ. ಎಡಕ್ಕೆ ಹೋಯಿತು. ಇನ್ನೂ ಜೋರಾಗಿ ಎಸೆದೆ. ಇನ್ನೂ ಎಡಕ್ಕೆ, ನೇರ ಬಳ್ಳಾರಿ ಜಾಲಿಯ ಮುಳ್ಳಿಗೆ. ಬಲಕ್ಕೆ ವಾಲುತ್ತದೆಂದು ಹೆಸರಾದ ಇನ್ನೊಂದನ್ನು ತರಿಸಿದೆ. ಅದೂ ಹಳದಿಯ ಜಾಡನ್ನೇ ಹಿಡಿಯಿತು. ಭಾರದ್ದು ತರಿಸಿದೆ, ಒರಟು ಪ್ಲಾಸ್ಟಿಕ್ಕಿನದು ತರಿಸಿದೆ. ಮುಂಗೈ ತುಂಬ ಮುಳ್ಳು ಗೀರಿದ ಗುರುತು. ಹೆಂಡತಿ ನಾಗರತ್ನ ಒಂದು ದಿನ ಡಿಸ್ಕುಗಳ ಚೀಲದೊಳಗೆ ಬಗ್ಗಿ ನೋಡಿ ಕೇಳಿದಳು:

"ಇಷ್ಟು ತಾಟು ತರಿಸೀರಲ್ಲ, ಒಂದಾದ್ರೂ ಊಟಕ್ಕ ಬರತೈತೇನ್ರಿ?"

"ಇವು ಊಟಕ್ಕಲ್ಲ, ಆಟಕ್ಕ."

"ಆಟಕ್ಕೂ ಬರವಲ್ಲವಲ್ರಿ!"

ಹೀಗಿರುವಾಗ ಹರಪನಹಳ್ಳಿ ಕಡೆಯಿಂದ ವೀರಭದ್ರಪ್ಪನ ಹಳೆಯ ಸಹೋದ್ಯೋಗಿಗಳಿಬ್ಬರು ಆಡಲು ಬಂದರು. ಜೋಡಿ ಆಟ, ಜೊತೆಗಾರರಿಬ್ಬರು ಸರದಿಯಂತೆ ಎಸೆಯಬೇಕು. ವೀರಭದ್ರಪ್ಪನ ಜೋಡಿ ನಾನು. ನನಗಿಂತ ಚೆನ್ನಾಗಿ ಆಡುವವರು ಊರಲ್ಲಿದ್ದರೂ "ನನ್ನ ಜೋಡಿ ಕೊಟ್ರೇಶಿನೇ" ಎಂದಿದ್ದ. ಕೊನೆಯ ಬುಟ್ಟಿಗೆ ಬರುವಾಗ ಎರಡೂ ಕಡೆ ಸಮಸಮ. ಎಸೆತ ನನ್ನದು. ಎದುರಿಗೆ ಬಯಲು, ಎಡಕ್ಕೆ ಜಾಲಿಯ ಸಾಲು. ವೀರಭದ್ರಪ್ಪ ತನ್ನ ಐದರ ವೇಗದ ಹಸಿರು ಡಿಸ್ಕನ್ನು ನನ್ನ ಕೈಗಿಟ್ಟು, "ಸಣ್ಣಗ ಒಗಿ. ನೆಟ್ಟಗ ಬಿದ್ರ ಉಳದದ್ದು ನಾ ನೋಡ್ಕೊಂತೀನಿ," ಎಂದ. ನಾನು ಅದನ್ನು ಅವನ ಚೀಲದೊಳಗೆ ತಿರುಗಿ ಇಟ್ಟು, ನನ್ನ ಹಳದಿಯನ್ನು ತೆಗೆದೆ.

ಅದು ಜಾಲಿಯನ್ನೂ ದಾಟಿ ಆಚೆ ಮರೆಯಾಯಿತು. ಸ್ವಲ್ಪ ಹೊತ್ತಿಗೆ ಕುರಿ ಕಾಯುವ ಹೆಂಗಸೊಬ್ಬಳು ಅದನ್ನು ಹಿಡಿದು ಬಂದಳು. "ಯಾರ್ರೀ ತಾಟು ಒಗದೋರು? ನಮ್ಮ ಕುರಿ ಬೆನ್ನಿಗೆ ಬಿತ್ತು!"

ನಾನು ಅವಳ ಬಳಿಗೆ ಓಡಿದೆ. "ತಪ್ಪಾತವ್ವಾ, ಪೆಟ್ಟಾತೇನು ಅದಕ್ಕ?"

"ಪೆಟ್ಟೆಲ್ಲಿಂದ ಆಗಬೇಕು ಯಣ್ಣಾ? ನೊಣ ಕುಂತಂಗ ಆತು. ಅದು ಮೇಯಾದೂ ಬಿಡಲಿಲ್ಲ."

ಹರಪನಹಳ್ಳಿಯವರು ಡಿಸ್ಕನ್ನು ಈಸಿಕೊಂಡು, ಮೇಲಿದ್ದ ಹದಿಮೂರನ್ನು ಓದಿ, ಹೊಟ್ಟೆ ಹಿಡಿದುಕೊಂಡು ನಕ್ಕರು. ವೀರಭದ್ರಪ್ಪ ನಗಲಿಲ್ಲ. ಆಟ ಸೋತೆವು. ಸ್ಕೂಟರ್ ಹತ್ತುವಾಗ, "ಬ್ಯಾಸರ ಸೋತದ್ದಕ್ಕಲ್ಲಲೇ. ಕೈಗೆ ಕೊಟ್ಟದ್ದನ್ನ ತಿರುಗಿ ಇಟ್ಟೆಲ್ಲ, ಅದಕ್ಕ," ಎಂದಷ್ಟೇ ಅಂದ. ಮನೆಯ ಮುಂದೆ ನನ್ನನ್ನು ಇಳಿಸಿ ಹೊರಟುಹೋದ.

ಮುಂದಿನ ಭಾನುವಾರ ಹಾರ್ನ್ ಕೇಳಲಿಲ್ಲ. ಅದರ ಮುಂದಿನ ಭಾನುವಾರವೂ ಇಲ್ಲ. ಯಾವ ಸ್ಕೂಟರ್ ಸದ್ದಾದರೂ ಪೇಪರ್ ಕೆಳಗಿಟ್ಟು ಬಾಗಿಲಿಗೆ ಹೋಗುವುದು, ಹಾಲಿನವನನ್ನು ನೋಡಿ ತಿರುಗಿ ಬರುವುದು. ಅಣ್ಣ ಹೋದಾಗಿನ ಮೌನವೇ ಮನೆಯಲ್ಲಿ ಮತ್ತೆ ಕಾಲು ಚಾಚಿ ಮಲಗಿದಂತಿತ್ತು. ನಾಗರತ್ನ ನೋಡುವಷ್ಟು ನೋಡಿ, "ಅವರು ಎಷ್ಟು ವಾರ ಬಂದು ಕರದಾರ. ಒಂದ್ ವಾರ ನೀವಾ ಹೋಗ್ರಿ," ಎಂದಳು.

ಚೀಲವನ್ನು ಮನೆಯಲ್ಲೇ ಬಿಟ್ಟು ಬರಿಗೈಯಲ್ಲಿ ಬಯಲಿಗೆ ನಡೆದುಹೋದೆ. ವೀರಭದ್ರಪ್ಪ ಒಬ್ಬನೇ ಎಸೆದು, ಒಬ್ಬನೇ ಹೋಗಿ ಎತ್ತಿಕೊಳ್ಳುತ್ತಿದ್ದ. ಹತ್ತಿರ ಹೋಗಿ, "ಆ ಹಸಿರು ಡಿಸ್ಕ್ ಕೊಡ್ತೀಯೇನು?" ಎಂದೆ. ಅವನು ನನ್ನ ಮುಖ ನೋಡದೆ ಕೊಟ್ಟ. ಸಣ್ಣಗೆ ಎಸೆದೆ. ಡಿಸ್ಕ್ ನೆಟ್ಟಗೆ ಹೋಯಿತು! ದೂರವೇನೂ ಅಲ್ಲ, ಆದರೆ ಹೇಳಿದ ಕಡೆಗೆ, ಹೇಳಿದ ಹಾಗೆ. ನನ್ನ ಕಣ್ಣು ತುಂಬಿತು. ವೀರಭದ್ರಪ್ಪ "ಹ್ಞಾಂ!" ಎಂದು ಬೆನ್ನಿಗೆ ಗುದ್ದಿದ, ಕುರಿಗೆ ಬಿದ್ದುದಕ್ಕಿಂತ ಜೋರಾಗಿಯೇ ಬಿತ್ತು.

ಆ ಖುಷಿ ಬುಟ್ಟಿಯ ಹತ್ತಿರ ಹೋಗುವವರೆಗೆ ಮಾತ್ರ. ನಾಲ್ಕು ಮಾರು ದೂರದಿಂದ ಎಸೆದೆ, ತಪ್ಪಿತು. ಮತ್ತೆ ಎಸೆದೆ, ಸರಪಳಿಯ ಪಕ್ಕದಲ್ಲೇ ಹಾದು ಆಚೆ ಬಿತ್ತು. ಆಚೆಯಿಂದ ಎಸೆದೆ, ಈಚೆ ಬಿತ್ತು. ವೀರಭದ್ರಪ್ಪ ಸೊಂಟದ ಮೇಲೆ ಕೈಯಿಟ್ಟು ನಿಂತು ನೋಡಿ, ತುಂಬ ಪ್ರೀತಿಯಿಂದಲೇ, "ಈಗ ತಿಳೀತಲ್ಲ? ಡಿಸ್ಕಿಂದ ಏನೂ ತಪ್ಪಿಲ್ಲ," ಎಂದ.

ಇಷ್ಟು ದಿನ ತಪ್ಪನ್ನೆಲ್ಲ ಹೊರಲು ಒಂದು ಚೀಲ ತುಂಬ ಡಿಸ್ಕುಗಳಿದ್ದವು. ಸರಿಯಾದದ್ದು ಸಿಕ್ಕ ಮೇಲೆ ಆ ಬಯಲಿನಲ್ಲಿ ಉಳಿದವನು ನಾನೊಬ್ಬನೇ. ಬುಟ್ಟಿಯ ಎದುರು ತಲೆ ತಗ್ಗಿಸಿ ನಿಂತೆ. ತಲೆ ತಗ್ಗಿಸಿದ್ದರಿಂದ ನನ್ನ ಬೂಟುಗಳು ಕಂಡವು. ಅಡಿ ಸವೆದಿದೆಯೇನೋ, ಕಾಲು ಜಾರುತ್ತಿದೆಯೇನೋ ಎಂದು ನನಗೆ ಅವುಗಳ ಮೇಲೆ ಸಣ್ಣಗೆ ಅನುಮಾನ ಬಂತು.