ದನದ ಡಾಕ್ಟರರ ಸಣ್ಣ ಕೊಡಲಿ

ಕೊಡಲಿಗೆ ಕಾವು ಹಾಕುವ ಕೆಲಸದಲ್ಲಿ ನಗುವಂಥದ್ದು ಏನಿರುತ್ತದೆ ಎಂದು ಕೇಳುವವರು ಹಿರೇಕೆರೂರಿನ ನಮ್ಮ ಅಂಗಡಿಯಲ್ಲಿ ಅರ್ಧ ದಿನ ಕುಳಿತು ನೋಡಬೇಕು. ನಾನು ಬಡಿಗ. ಬಾಗಿಲು, ಕಿಟಕಿಗಳನ್ನು ಜನ ಈಗ ಮಾಡಿಟ್ಟದ್ದನ್ನೇ ಕೊಂಡು ತರುತ್ತಾರೆ. ಆದರೆ ಕೊಡಲಿಯ ಕಾವು ಮುರಿದರೆ ಮಾತ್ರ ನನ್ನ ಹತ್ತಿರವೇ ಬರಬೇಕು. ಬರುವಾಗ ಮುರಿದ ಕಾವಿನ ಜೊತೆಗೆ ಏನಾದರೊಂದು ತಮಾಷೆಯನ್ನೂ ತಂದೇ ಇರುತ್ತಾರೆ. ಹೋದ ವರ್ಷ ಒಬ್ಬರೇ ಗಿರಾಕಿ ಒಂದೇ ಕೊಡಲಿಯಿಂದ ನನಗೆ ಒಂದು ತಿಂಗಳಿಗೆ ಆಗುವಷ್ಟು ತಂದುಕೊಟ್ಟರು.

೧. ಏನು ಹಾಕಬೇಕು?

ಅವರು ಶಿಗ್ಗಾಂವಿ ಕಡೆಯ ದನದ ಡಾಕ್ಟರು. ಮೈಸೂರು ಸೀಮೆಯವರು, ಬಂದು ವರ್ಷವಾಗಿರಲಿಲ್ಲ. ಶಿಗ್ಗಾಂವಿ, ಸವಣೂರು, ಹಾನಗಲ್ಲ, ಮೂರೂ ಕಡೆ ಬಡಿಗರು 'ಇದು ನಮಗೆ ಆಗದು' ಎಂದ ಮೇಲೆ ನಮ್ಮ ಅಂಗಡಿ ಹುಡುಕಿಕೊಂಡು ಬಂದಿದ್ದರು. ಚೀಲದಿಂದ ಒಂದು ಕೊಡಲಿ ತೆಗೆದು ನನ್ನ ಕೈಗಿಟ್ಟರು. ಕಬ್ಬಿಣ ನನ್ನ ಅಂಗೈಯಷ್ಟೇ ಇತ್ತು. ಕಾವು ನಡುವೆ ಸೀಳಿತ್ತು.

"ಫೋನಲ್ಲಿ ಆರ್ಡರ್ ಮಾಡಿ ತರಿಸಿದ್ದು. ಬರುವಾಗಲೇ ಹಿಂಗಿತ್ತು. ಇದಕ್ಕೊಂದು ಒಳ್ಳೇ ಹಿಡಿ ಬೇಕಿತ್ತು. ಇದು ಟಾಮಹಾಕ್" ಎಂದರು.

ಅವರ ಕೊನೆಯ ಮಾತು ನನಗೆ ಅಪ್ಪಣೆ ಕೊಟ್ಟಂತೆ ಕೇಳಿಸಿತು.

"ಹಾಕ್ತೇನ್ರಿ ಸಾಹೇಬ್ರ. ಟಾಮ ನೀವು ತಂದೀರೋ, ನಾವ ಪ್ಯಾಟ್ಯಾಗ ತರಬೇಕೋ?"

ಡಾಕ್ಟರು ಕೊಡಲಿಯನ್ನು ನನ್ನ ಕೈಯಿಂದ ತೆಗೆದುಕೊಂಡು ಎತ್ತಿ ಹಿಡಿದರು. ಆಮೇಲೆ ಸಾವಕಾಶವಾಗಿ ತಿಳಿಸಿ ಹೇಳಿದರು. ಟಾಮಹಾಕ್ ಅಂದರೆ ಆ ಕೊಡಲಿಯ ಹೆಸರಂತೆ. ಅಮೆರಿಕದ ಮೂಲ ಜನ ಬಳಸುತ್ತಿದ್ದ ಕೊಡಲಿಯಂತೆ. ಈಗ ಗುಡ್ಡಕ್ಕೆ ಹೋಗಿ ಗುಡಾರ ಹಾಕುವವರು ಜೊತೆಗೆ ಒಯ್ಯುತ್ತಾರಂತೆ. ನಾನು ತಲೆ ಆಡಿಸಿದೆ. ನನಗೆ ತಿಳಿಯಿತು.

ತನ್ನ ಕುಂಟೆಯ ಸಲುವಾಗಿ ಮೂಲೆಯಲ್ಲಿ ಕಾಯುತ್ತ ಕೂತಿದ್ದ ರೈತನಿಗೆ ಮಾತ್ರ ತಿಳಿದಿರಲಿಲ್ಲ. ಆತ ನನ್ನ ಕಡೆ ಬಾಗಿ ಮೆಲ್ಲಗೆ ಹೇಳಿದ:

"ದೊಡ್ಡ ಮನಷ್ಯಾರು ಇಷ್ಟು ಹೇಳಾಕತ್ತಾರ, ಹಾಕಿ ಕೊಡ್ರಲಾ. ಭಾಳ ಬ್ಯಾಡ, ಒಂದೀಟ ಟಾಮ ಹಾಕ್ರಿ."

೨. ಕೈ ಅಳತೆ

ನಮ್ಮ ಕಡೆ ಕಾವಿಗೆ ಅಳತೆ ಅಂದರೆ ಮೊಳ. ಒಂದೂವರೆ ಮೊಳ, ಎರಡು ಮೊಳ, ಅಷ್ಟೇ. ಡಾಕ್ಟರಿಗೆ ಅದು ಸಾಲದು. ಬೆರಳು ಕೂರುವಲ್ಲಿ ತಗ್ಗಿರಬೇಕು, ಹೆಬ್ಬೆರಳು ಕೂರುವಲ್ಲಿ ಸಪಾಟಿರಬೇಕು, ಅವರ ಕೈಗೆ ಹೇಳಿ ಮಾಡಿಸಿದಂತಿರಬೇಕು. ಅಂಗಡಿಯಲ್ಲಿದ್ದ ಏಳೆಂಟು ಕಾವು ಕೈಗೆ ಕೊಟ್ಟೆ. ಎಲ್ಲವನ್ನೂ ಹಿಡಿದು ನೋಡಿದರು. ಒಂದು ದಪ್ಪ ಅಂದರು, ಒಂದು ತೆಳು ಅಂದರು.

ಕೊನೆಗೆ, "ಸ್ವಲ್ಪ ಹಿಟ್ಟು ಸಿಗುತ್ತಾ? ಕಲಸಿದ್ದು" ಎಂದು ಕೇಳಿದರು.

ಅಂಗಡಿಯ ಹಿಂದೆಯೇ ನಮ್ಮ ಮನೆ. ಹೆಂಡತಿ ಚಪಾತಿಗೆ ಕಣಕ ನಾದಿಟ್ಟಿದ್ದಳು. ಒಂದು ದೊಡ್ಡ ಉಂಡೆ ತಂದುಕೊಟ್ಟೆ. ಡಾಕ್ಟರು ಅದನ್ನು ಒಂದು ಕೋಲಿಗೆ ಸುತ್ತಿ ಬಲವಾಗಿ ಹಿಡಿದು ಬಿಟ್ಟರು. ನಾಲ್ಕು ಬೆರಳು, ಒಂದು ಹೆಬ್ಬೆರಳು ಅಚ್ಚುಕಟ್ಟಾಗಿ ಮೂಡಿದವು. ನೋಡಿ ನನಗೂ ಮೆಚ್ಚುಗೆಯಾಯಿತು. "ಇದನ್ನ ನೋಡ್ಕೊಂಡು ಕೆತ್ತಿ. ನಾನು ಒಂದು ಗಂಟೆ ಬಿಟ್ಟು ಬರ್ತೀನಿ" ಎಂದು ಅದನ್ನು ಕೆಲಸದ ಹಲಗೆಯ ಮೇಲಿಟ್ಟು ಬಸ್ ಸ್ಟ್ಯಾಂಡಿನ ಕಡೆ ಹೋದರು.

ನಾನು ಹಿತ್ತಲಲ್ಲಿ ಒಣಗಿದ ಜಾಲಿ ಕಟ್ಟಿಗೆ ಆರಿಸುತ್ತ ಕೂತೆ. ಗಂಟಿಲ್ಲದ್ದು ಸಿಗುವ ಹೊತ್ತಿಗೆ ಹೆಂಡತಿ ಊಟಕ್ಕೆ ಕರೆದಳು. ಬದನೆಕಾಯಿ ಎಣಗಾಯಿ, ಬಿಸಿ ಚಪಾತಿ. ಹಸಿವಾಗಿತ್ತು, ಐದು ತಿಂದೆ. ಕೈ ತೊಳೆದುಕೊಂಡು ಅಂಗಡಿಗೆ ಬಂದರೆ ಡಾಕ್ಟರು ಹಲಗೆಯ ಮುಂದೆ ನಿಂತಿದ್ದಾರೆ. ಹಲಗೆಯ ಮೇಲೆ ಬರೀ ಕೋಲಿದೆ.

"ನನ್ನ ಹಿಡಿ ಎಲ್ಲಿ?"

ನಾನು ಹೆಂಡತಿಯ ಮುಖ ನೋಡಿದೆ. ಆಕೆ ಬಾಗಿಲ ಮರೆಯಿಂದ, "ನಿಮ್ಮ ಕೆಲಸ ಮುಗೀತು ಅಂತ ತಿಳದೆ. ಛಲೋ ಕಣಕ ಸುಮ್ಮನ ಒಣಗತೈತಿ ಅಂತ ಲಟ್ಟಿಸಿಬಿಟ್ಟೆ" ಎಂದಳು.

"ನಿಮ್ಮ ಹಿಡಿ ನನ್ನ ಹೊಟ್ಟ್ಯಾಗ ಐತ್ರಿ ಸಾಹೇಬ್ರ" ಎಂದೆ. ಬೇರೆ ಏನು ಹೇಳಲಿ?

ಡಾಕ್ಟರು ಸಿಟ್ಟಾಗಲಿಲ್ಲ. ಒಳ್ಳೆಯ ಮನುಷ್ಯ. "ಪರವಾಗಿಲ್ಲ, ಇನ್ನೊಂದು ಮಾಡೋಣ. ಈ ಸಲ ಮೊದಲು ಕೈ ತೊಳೆಯೋಕೆ ಸ್ವಲ್ಪ ಸೋಪು ಕೊಡಿ. ಬೆಳಗ್ಗೆ ಚಿಕ್ಕೇರೂರಲ್ಲಿ ಒಂದು ಎಮ್ಮೆ ಹೊಟ್ಟೇಲಿ ಕರು ಅಡ್ಡ ಸಿಕ್ಕಿಹಾಕ್ಕೊಂಡಿತ್ತು. ಎಳೆದು ತೆಗೆದು ಸೀದಾ ಇಲ್ಲಿಗೇ ಬಂದೆ" ಎಂದರು.

ಅವತ್ತು ಸಂಜೆ ನಾನು ಬರೀ ಮಜ್ಜಿಗೆ ಕುಡಿದು ಮಲಗಿದೆ.

೩. ಬಿಚ್ಚಿಕೊಳ್ಳುವ ಕೊಡಲಿ

ಕಾವು ಚೆಂದ ಬಂತು. ಬಾಚಿಯಿಂದ ಕೆತ್ತಿ, ಅರದಿಂದ ಉಜ್ಜಿ, ಅಗಸೆ ಎಣ್ಣೆ ಹಚ್ಚಿ ಬಿಸಿಲಿಗಿಟ್ಟೆ. ಮುಂದಿನ ಐತವಾರ ಡಾಕ್ಟರು ಬಂದಾಗ ಅವರೆದುರೇ ಕೂರಿಸೋಣ ಎಂದು ಬೆಣೆ ಕೈಗೆತ್ತಿಕೊಂಡೆ. ನಾವು ಕಾವನ್ನು ಕೆಳಗಿನಿಂದ ಏರಿಸಿ, ಮೇಲೆ ಬೆಣೆ ಬಡಿದು ಬಿಗಿ ಮಾಡುತ್ತೇವೆ.

"ಬೆಣೆ ಬೇಡ" ಎಂದರು ಡಾಕ್ಟರು. "ಬೇಕಾದಾಗ ಬಿಚ್ಚೋಕೆ ಬರಬೇಕು."

ನಾನು ಸುತ್ತಿಗೆ ಕೆಳಗಿಟ್ಟೆ. ನಮ್ಮಪ್ಪ ನಲವತ್ತು ವರ್ಷ, ಅವರ ಹಿಂದೆ ನಾನು ಇಪ್ಪತ್ತೈದು ವರ್ಷ, ಒಂದೇ ಒಂದು ಚಿಂತೆಯಲ್ಲಿ ದುಡಿದಿದ್ದೇವೆ: ಕೊಡಲಿ ಕಾವಿನಿಂದ ಬಿಚ್ಚಿಕೊಳ್ಳಬಾರದು. ಬಿಚ್ಚಿಕೊಂಡು ಹಾರಿದ ದಿನ ಗಿರಾಕಿ ಅಂಗಡಿಯ ಮುಂದೆ ನಿಂತು ಬೈದದ್ದನ್ನು ಊರೇ ಕೇಳಿದೆ. ಬಿಚ್ಚಿಕೊಳ್ಳಲಿ ಎಂದು ಕೇಳಿದ ಮೊದಲ ಮನುಷ್ಯ ಇವರು.

"ಬಿಚ್ಚಿಕೊಂಡ್ರ ಹಾರಿ ಯಾರಿಗರೆ ಬಡೀತೈತ್ರಿ."

"ಬೀಸುವಾಗ ಬಿಚ್ಚಬಾರದು. ಬೀಸಿ ಆದ ಮೇಲೆ ಬಿಚ್ಚಬೇಕು."

ಅದು ಕೊಡಲಿಗೆ ಹೇಗೆ ತಿಳಿಯಬೇಕು ಎಂದು ನಾನು ಯೋಚಿಸುತ್ತ ಕೂತೆ. ಒಂದು ಸಲ ಸಡಿಲ ಕೂರಿಸಿದೆ, ಅಲ್ಲಾಡಿತು. ಬಿಗಿ ಮಾಡಿದೆ, ಬರಲೇ ಇಲ್ಲ. ಬೆವರು ಒರೆಸಿಕೊಳ್ಳುವಾಗ ಚಹಾ ತಂದ ಹೆಂಡತಿ ಕೊಡಲಿಯ ತೂತಿನಲ್ಲಿ ಇಣುಕಿ ನೋಡಿದಳು. "ಮ್ಯಾಲ ಅಗಲ ಐತಿ, ಕೆಳಗ ಸಣ್ಣ ಐತಿ. ನಮ್ಮ ಗುದ್ದಲಿದು ಹಿಂಗ ಅಲ್ಲೇನ್ರಿ? ಮ್ಯಾಲಿಂದ ಇಳಿಸ್ರಿ" ಎಂದಳು.

ಮೇಲಿನಿಂದ ಇಳಿಸಿದೆ. ಕಾವಿನ ದಪ್ಪ ತುದಿ ತೂತಿನಲ್ಲಿ ಸಿಕ್ಕು ಭದ್ರವಾಗಿ ಕೂತಿತು. ಬೀಸಿದಷ್ಟೂ ಬಿಗಿ. ಕಾವನ್ನು ನೆಲಕ್ಕೆ ಕುಟ್ಟಿದರೆ ಬಿಚ್ಚಿತು. ಡಾಕ್ಟರಿಗೆ ಬಹಳ ಸಂತೋಷವಾಯಿತು. "ಇದನ್ನ ಎಲ್ಲಿ ಕಲಿತ್ರಿ?" ಎಂದು ನನ್ನನ್ನೇ ಕೇಳಿದರು.

ನಾನು ಬಾಯಿ ತೆರೆಯುವ ಮೊದಲೇ ಹೆಂಡತಿ ಖಾಲಿ ಕಪ್ಪು ಎತ್ತಿಕೊಳ್ಳುತ್ತ, "ಈಗ ಕಲತಾರ್ರಿ" ಎಂದಳು.

೪. ಮಾಸೂರಿನ ಕ್ಯಾಂಪು

ಎಣ್ಣೆ ಇನ್ನೂ ಇಳಿಯಬೇಕಿತ್ತು, ಇನ್ನೊಂದು ವಾರ ನನ್ನಲ್ಲೇ ಇರಲಿ ಎಂದೆ. ಅಲ್ಲೇ ತಪ್ಪಿದ್ದು. ಅದೇ ಶನಿವಾರ ಮಾಸೂರಿನ ಒಬ್ಬ ರೈತ ತನ್ನ ಕೊಡಲಿ ಒಯ್ಯಲು ಬಂದ. ಎರಡನ್ನೂ ಗೋಣಿಚೀಲದಲ್ಲಿ ಸುತ್ತಿಟ್ಟಿದ್ದೆ. ಆತನಿಗೆ ಬಸ್ಸಿನ ಅವಸರ, ನನಗೆ ಊಟದ ಅವಸರ. ಕೈಗೆ ಸಿಕ್ಕ ಚೀಲ ಕೊಟ್ಟು ಕಳಿಸಿದೆ.

ಮರುದಿನ ಡಾಕ್ಟರು ಇಬ್ಬರು ಗೆಳೆಯರೊಂದಿಗೆ ಕಾರಿನಲ್ಲಿ ಬಂದರು. ಕಾರಿನ ಮೇಲೆ ಗುಡಾರ ಕಟ್ಟಿತ್ತು. ಸಂಜೆಯೊಳಗೆ ಗುಡ್ಡ ಸೇರಬೇಕು ಎಂದರು. ಚೀಲ ಬಿಚ್ಚಿದರೆ ಎರಡು ಮೊಳದ ಕಾವಿನ, ಮರ ಕಡಿಯುವ ಕೊಡಲಿ ಹೊರಗೆ ಬಂತು. ಚಿಕ್ಕದು ಮಾಸೂರಿಗೆ ಹೋಗಿತ್ತು. ಎರಡು ವಾರದ ಕೆಲಸ ಅದು. ಅಂಥ ಕಾವು ನಾನು ಹಿಂದೆ ಮಾಡಿರಲಿಲ್ಲ, ಮುಂದೆ ಮಾಡುತ್ತೇನೋ ಇಲ್ಲವೋ. "ಮಾಸೂರು ದೂರ ಇಲ್ರಿ, ನಾನೂ ಬರ್ತೇನಿ" ಎಂದು ದೊಡ್ಡ ಕೊಡಲಿ ತೊಡೆಯ ಮೇಲಿಟ್ಟುಕೊಂಡು ಕಾರು ಹತ್ತಿದೆ.

ರೈತ ಮದಗದ ಕೆರೆಯ ಕೆಳಗಿನ ಗದ್ದೆಗೆ ನೀರು ಹಾಯಿಸಲು ಹೋಗಿದ್ದ. ಅಂಗಳದಲ್ಲಿ ಅವನ ಮುದಿ ತಾಯಿ ಸೌದೆ ರಾಶಿಯ ಮುಂದೆ ಕೂತು, ಡಾಕ್ಟರರ ಕೊಡಲಿಯಿಂದ ಒಂದೊಂದೇ ತುಂಡು ಸೀಳುತ್ತಿದ್ದಳು. ಸರಾಗವಾಗಿ ನಡೆದಿತ್ತು.

"ಯವ್ವಾ, ಅದು ನಿಮ್ಮ ಕೊಡಲಿ ಅಲ್ಲ. ಈ ಸಾಹೇಬ್ರದ್ದು. ನಿಮ್ಮದು ಇಲ್ಲೈತಿ ನೋಡ್ರಿ."

ಮುದುಕಿ ದೊಡ್ಡ ಕೊಡಲಿಯತ್ತ ತಿರುಗಿಯೂ ನೋಡಲಿಲ್ಲ. "ಅದು ನನ್ನ ಮಗಂದು. ಇದು ನನ್ನ ಕೈಗೆ ಕುಂತೈತಿ" ಎಂದಳು.

ಡಾಕ್ಟರು ಮುಂದೆ ಬಂದರು. "ಅಜ್ಜಿ, ನಾವು ಕ್ಯಾಂಪಿಗೆ ಹೊರಟಿದ್ದೀವಿ. ಅದು ಬೇಕೇ ಬೇಕು."

"ಯಾವ ಕ್ಯಾಂಪಪಾ? ಕಣ್ಣಿಂದೋ, ದನದ್ದೋ?"

"ಅದಲ್ಲ ಅಜ್ಜಿ. ಗುಡ್ಡಕ್ಕೆ ಹೋಗಿ ಸೌದೆ ಸೀಳ್ತೀವಿ, ಒಲೆ ಹಚ್ಚಿ ಟೀ ಕಾಯಿಸ್ಕೊಂಡು ಕುಡಿತೀವಿ."

ಮುದುಕಿ ಕೈ ನಿಲ್ಲಿಸಿ ಮೂವರನ್ನೂ ಒಬ್ಬೊಬ್ಬರಾಗಿ ನೋಡಿದಳು. "ಅದನ್ನ ನಾ ದಿನಾ ಮಾಡ್ತೇನಿ. ಅದಕ್ಕ ಗುಡ್ಡ ಯಾಕ ಏರಬೇಕು? ಸೌದಿ ಇಲ್ಲೈತಿ, ಒಲಿ ಇಲ್ಲೈತಿ, ಚಾಪುಡಿನೂ ಐತಿ. ಇದೊಂದು ರಾಶಿ ಮುಗಿಸಿ ನಿಮ್ಮ ಕೊಡಲಿ ತಗೊಂಡ ಹೋಗ್ರಿ" ಎಂದು ಎದ್ದು ಜಾಗ ಬಿಟ್ಟುಕೊಟ್ಟಳು.

ಅದು ಕೇಳಿದವರಿಗೆ ನ್ಯಾಯವೆನಿಸುವಂತೆಯೇ ಇತ್ತು. ಡಾಕ್ಟರು ಅಂಗಿ ತೋಳು ಮಡಚಿ ಕೂತರು. ಮೊದಲ ಏಟಿಗೆ ತುಂಡು ಎರಡಾದಾಗ ಅವರ ಮುಖ ನೋಡಬೇಕಿತ್ತು. ಗೆಳೆಯರಲ್ಲಿ ಒಬ್ಬರು ತುಂಡು ಕೊಟ್ಟರು, ಇನ್ನೊಬ್ಬರು ಸೀಳಿದ್ದನ್ನು ಗೋಡೆಗೆ ಒಟ್ಟಿದರು. ನಾನು ದೊಡ್ಡ ಕೊಡಲಿಯಿಂದ ಬೊಡ್ಡೆಗಳನ್ನು ಒಡೆದುಕೊಟ್ಟೆ. ಮುದುಕಿ ಎರಡು ಸಲ ಚಹಾ ಕೊಟ್ಟಳು, ಖಡಕ್ ರೊಟ್ಟಿ, ಶೇಂಗಾ ಚಟ್ನಿ ಕೊಟ್ಟಳು. ಬೇಲಿಯಾಚೆ ಯಾರೋ ಕೇಳಿದ್ದಕ್ಕೆ, "ಸೌದಿ ಸೀಳೋ ಕ್ಯಾಂಪ ಬಂದೈತಿ, ಡಾಕ್ಟರ ಸ್ವಂತ ಬಂದಾರ" ಎಂದು ಹೇಳಿದ್ದು ನನ್ನ ಕಿವಿಗೂ ಬಿತ್ತು. ಹುಡುಗಾಟಕ್ಕೆ ಅಂದಳೆಂದು ನಾನು ಮುಂದಿನ ಬೊಡ್ಡೆಗೆ ಕೊಡಲಿ ಎತ್ತಿದೆ.

ರಾಶಿ ಮುಗಿಯುವಾಗ ಬಿಸಿಲು ಇಳಿದಿತ್ತು. ಡಾಕ್ಟರ ಅಂಗೈಯಲ್ಲಿ ಎರಡು ಗುಳ್ಳೆ ಎದ್ದಿದ್ದವು, ಆದರೂ ಕಾವನ್ನು ಸವರುತ್ತ, "ಒಂಚೂರೂ ಅಲ್ಲಾಡಲಿಲ್ಲ" ಎಂದು ನನಗೆ ತೋರಿಸಿದರು. ಮುದುಕಿ ಮಾತಿಗೆ ತಪ್ಪಲಿಲ್ಲ, "ಒಯ್ಯಪಾ" ಎಂದಳು. ಕೊಡಲಿ ಬಿಚ್ಚಿ ಚೀಲಕ್ಕೆ ಹಾಕಿಕೊಂಡು ಹೊರಟೆವು.

ಬಾಗಿಲಾಚೆ ಏಳೆಂಟು ಹೆಂಗಸರು ಸೌದೆ ಹೊರೆ ಇಳಿಸಿಕೊಂಡು ಸಾಲಾಗಿ ನಿಂತಿದ್ದರು. ಎಲ್ಲರಿಗಿಂತ ಮುಂದಿದ್ದಾಕೆ ಸೆರಗಿನ ಗಂಟು ಬಿಚ್ಚಿ ಮಡಚಿದ ಕಾಗದವೊಂದನ್ನು ಡಾಕ್ಟರ ಮುಂದೆ ಹಿಡಿದಳು.

"ಆಧಾರ ಕಾರ್ಡ್ ತಂದೇನ್ರಿ ಸಾಹೇಬ್ರ. ಸೌದಿಗೆ ಝೆರಾಕ್ಸ್ ನಡೀತೈತೋ, ಅಸಲೀದ ಬೇಕೋ?"