ಬೀಗರ ಹಕ್ಕಿ ಮತ್ತು ನಾನೆಂಬ ಪೈಕಾ

ನಮ್ಮ ಬೀಗರ ಕಣ್ಣಿಗೆ ಮನುಷ್ಯರು ಕಾಣುವುದೇ ಇಲ್ಲ! ಶಾಲೆಯಲ್ಲಿ ವಿಜ್ಞಾನ ಕಲಿಸಿ ಕಲಿಸಿ ಹೀಗಾಯಿತೋ ಏನೋ, ಎದುರಿಗೆ ಯಾರು ಬಂದರೂ ಅವರಿಗೆ ಪ್ರಾಣಿಯೇ. ಮಗಳ ನಿಶ್ಚಯದ ದಿನ ನಮ್ಮ ಯಜಮಾನರನ್ನು ನೋಡಿ, "ಇವ್ರು ಖರೇನ ಆಮಿರಿ! ಎಂಥಾ ಸಮಾಧಾನ!" ಎಂದರು. ಆಮೆ ಎಂದದ್ದಕ್ಕೆ ಯಜಮಾನರಿಗೆ ಸಿಟ್ಟು ಬಂತು. ಆದರೆ ಅದು ಹೊರಗೆ ಬರುವಷ್ಟರಲ್ಲಿ ಬೀಗರು ವಾಪಸು ಮುಧೋಳ ಮುಟ್ಟಿದ್ದರು!

ಆಮೇಲೆ ನನ್ನ ಸರದಿ. ಮಗಳು ಚೊಚ್ಚಲ ಹೆರಿಗೆಗೆ ಬನಹಟ್ಟಿಯ ನಮ್ಮ ಮನೆಗೆ ಬಂದಳು. ದಿನ ತುಂಬುವ ಮೊದಲೇ ಮೊಮ್ಮಗಳು ಹುಟ್ಟಿಬಿಟ್ಟಳು. ಅಂಗೈಯಷ್ಟು ಕೂಸು! ಮೊಲೆ ಹಿಡಿಯಲೊಲ್ಲದು, ಒಳಲೆಯಲ್ಲಿ ಹಾಲು ಹನಿಸಬೇಕು.

"ತಾನಾಗೇ ಹಾಲು ಹುಡುಕಿದ ದಿನ ಕೂಸು ಗೆದ್ದಂಗ. ಅಲ್ಲೀತನಕ ಎದಿಗೆ ಅವಚಿ ಬೆಚ್ಚಗಿಡ್ರಿ," ಎಂದರು ಡಾಕ್ಟರಮ್ಮ.

ಬೀಗರು ದಿನಾ ಮೊದಲ ಬಸ್ಸಿಗೇ ಬರತೊಡಗಿದರು.

"ಅಕ್ಕಾರ, ಈಕಿ ಎತ್ತರದ ಗುಡ್ಡದ ಹಮ್ಮಿಂಗ್ ಹಕ್ಕಿರಿ. ಹೆಬ್ಬಟ್ಟಿನಷ್ಟ ಇರ್ತೈತಿ. ಹಗಲೆಲ್ಲಾ ಹೂವಿನ ರಸ ಕುಡೀತೈತಿ, ರಾತ್ರಿ ಥಂಡಿಗೆ ಸತ್ತಂಗ ಬೀಳತೈತಿ. ಬಿಸಿಲ ಬಿತ್ತಂದ್ರ ಮತ್ತ ಹಾರತೈತಿ!"

"ಮತ್ತ ನಾನ್ರಿ?" ಕೇಳಬಾರದಿತ್ತು!

"ನೀವು ಪೈಕಾರಿ. ಅದೂ ಗುಡ್ಡದ್ದ. ಮೊಲದ ಬಳಗ, ಇಲಿ ಗಾತ್ರ. ಥಂಡಿ ಬಂತಂತ ಮಲಗೂದಿಲ್ಲ. ಬ್ಯಾಸಗ್ಯಾಗ ಹುಲ್ಲು ಒಣಗಿಸಿ, ಕಲ್ಲಿನ ಸಂದ್ಯಾಗ ಬಣವಿ ಒಟ್ಟತೈತಿ."

ಮಾಳಿಗೆಯ ಮೇಲೆ ನನ್ನ ಸಂಡಿಗೆ, ಶಾವಿಗೆ, ಮೆಣಸಿನಕಾಯಿ ಒಣಗುತ್ತಿದ್ದವು. ಏನೆಂದು ವಾದಿಸಲಿ?

"ಬಾಲ ಐತೇನ್ರಿ ಅದಕ್ಕ?"

"ಹೊರಗ ಕಾಣೂದಿಲ್ರಿ."

"ಪುಣ್ಯಾ! ಅಷ್ಟರ ಮರ್ಯಾದಿ ಉಳಿಸಿದ್ರಿ!"

ಮರುದಿನ, ಆ ಹಕ್ಕಿಗೆ ಕೆಂಪು ಹೂವೆಂದರೆ ಪ್ರಾಣವೆಂದು ಬುಟ್ಟಿ ತುಂಬ ದಾಸವಾಳ ತಂದು ತೊಟ್ಟಿಲಿಗೆಲ್ಲ ಕಟ್ಟಿದರು. ಹಕ್ಕಿ ಕಣ್ಣೇ ಬಿಡಲಿಲ್ಲ, ಇರುವೆಗಳು ಮಾತ್ರ ಸಾಲುಗಟ್ಟಿ ಬಂದವು!

"ಬೀಗರ, ಕೂಸಿಗೆ ಕೂಸು ಅನ್ರಿ, ಸಾಕು!" ಎಂದು ರೇಗಿದೆ.

ಅವರು ತೊಟ್ಟಿಲೊಳಗೆ ಕೈಯಿಟ್ಟು ಕೂಸಿನ ಪಾದ ಮುಟ್ಟಿ ನೋಡಿದರು. "ಆ ಹಕ್ಕಿ ದಿನಾ ಮುಂಜಾನಿ ತಿರುಗಿ ಏಳತೈತ್ರಿ ಅಕ್ಕಾರ," ಎಂದರು ಮೆಲ್ಲಗೆ.

ಇವರು ಮೊದಲ ಬಸ್ಸಿಗೇ ಯಾಕೆ ಓಡಿ ಬರುತ್ತಾರೆಂದು ಆಗ ತಿಳಿಯಿತು.

ಒಂದು ಬೆಳಗ್ಗೆ ನಾನು ಬಚ್ಚಲಲ್ಲಿ ಮಗಳಿಗೆ ಎರೆಯುತ್ತಿದ್ದೆ. ಬೀಗರು ಅಂಗಿ ಬಿಚ್ಚಿ, ಕೂಸನ್ನು ಬರಿಯೆದೆಗೆ ಅವಚಿಕೊಂಡು, ಮೇಲೆ ಶಾಲು ಹೊದ್ದು ಕೂತಿದ್ದರು. ಒಮ್ಮೆಲೇ ಕೂಗಿದರು: "ಅಕ್ಕಾರ! ಓಡಿ ಬರ್ರಿ!"

ತಂಬಿಗೆ ಬಿಸಾಕಿ ಒದ್ದೆ ಕೈಯಲ್ಲೇ ಓಡಿದೆ. ಕೂಸು ಕತ್ತು ಹೊರಳಿಸಿ, ಪುಟ್ಟ ಬಾಯಿ ತೆರೆದು, ಬೀಗರ ನರೆತ ಎದೆಯನ್ನೆಲ್ಲ ತಡಕಾಡುತ್ತಿತ್ತು. ಆ ವಿಜ್ಞಾನದ ಮೇಷ್ಟರು ಬಿಕ್ಕಿ ಬಿಕ್ಕಿ ಅಳುತ್ತಿದ್ದರು.

"ಲಗೂನ ಒಯ್ರಿ ಅಕ್ಕಾರ, ಹಾಲು ಹುಡುಕಾಕತ್ತಾಳ! ನನ್ನ ಕಡೆ ಏನೂ ಇಲ್ಲಲ್ರೀ!"