ಕಿವಿ ನನ್ನದು, ಬಾಯಿ ಅವರದು

ಕೆಪ್ಪ ಗಂಡನ ಮುಂದೆ ಕೂಗಿ ಕೂಗಿ ಗಂಟಲು ದಪ್ಪ ಮಾಡಿಕೊಂಡ ಹೆಂಗಸರು ನಮ್ಮ ಸೀಮೆಯಲ್ಲಿ ಬಹಳ ಮಂದಿ ಇದ್ದಾರೆ. ನಾನೂ ಒಬ್ಬಳು. ಪಿಸುಮಾತು ಎಂಬುದೊಂದಿದೆ ಎಂದು ಕೇಳಿ ಬಲ್ಲೆ, ಆಡಿ ಗೊತ್ತಿಲ್ಲ. ಸೊಸೆಯ ಬಗ್ಗೆ ಗಂಡನಿಗೆ ಗುಟ್ಟಾಗಿ ಒಂದು ಮಾತು ಹೇಳಿದರೆ ಅದು ಮೊದಲು ಸೊಸೆಗೆ ಕೇಳುತ್ತದೆ, ಆಮೇಲೆ ಎದುರುಮನೆಯವರಿಗೆ, ಕಡೆಗೆ ಗಂಡನಿಗೆ. ಹೀಗಾಗಿ ಗುಟ್ಟು ಹೇಳುವುದನ್ನೇ ಬಿಟ್ಟಿದ್ದೇನೆ. ನಮ್ಮ ಮನೆ ಇನ್ನೂ ಒಡೆಯದೆ ಉಳಿದಿರುವುದು ಅದರಿಂದಲೇ ಇರಬೇಕು.

ಎದುರಿಗೆ ಕುಳಿತರೆ ಹೇಗೋ ನಡೆಯುತ್ತದೆ. ಅವರು ತುಟಿ ನೋಡಿ ತಿಳಿದುಕೊಳ್ಳುತ್ತಾರೆ. ತೊಂದರೆ ಶುರುವಾದದ್ದು ಶಿಗ್ಗಾಂವಿಯ ನಮ್ಮ ಕಾಳಿನ ಅಂಗಡಿಗೆ ಫೋನ್ ಬಂದ ಮೇಲೆ. ಮೊದಲ ಸಲ ರಿಸೀವರನ್ನು ಕಿವಿಗೆ ಹಿಡಿದ ನನ್ನ ಗಂಡ, "ಇದರಾಗ ಯಾರೂ ಇಲ್ಲ" ಎಂದು ಇಟ್ಟುಬಿಟ್ಟರು. ಆಮೇಲೆ ನಾವೇ ಒಂದು ಪದ್ಧತಿ ಮಾಡಿಕೊಂಡೆವು. ರಿಸೀವರಿನ ಮೇಲಿನ ತುದಿ ನನ್ನ ಕಿವಿಗೆ, ಕೆಳಗಿನ ತುದಿ ಅವರ ಬಾಯಿಗೆ. ಕೇಳಿದ್ದನ್ನು ನಾನು ಅವರ ಕಡೆ ಮುಖ ಮಾಡಿ ಹೇಳಬೇಕು, ಉತ್ತರ ಅವರು ಕೊಡಬೇಕು. ವ್ಯಾಪಾರದ ಮಾತು ಹೆಂಗಸಿನ ದನಿಯಲ್ಲಿ ಬಂದರೆ ಆ ಕಡೆಯ ದಲಾಲರು ನಂಬುತ್ತಿರಲಿಲ್ಲ. ನಾನು ಗಂಡನ ಹೆಸರು ಹೇಳಲಿಕ್ಕೂ ನಾಚುವ ಕಾಲದವಳು. ಹಮಾಲರ ಎದುರು ತಲೆಗೆ ತಲೆ ಹಚ್ಚಿ ನಿಲ್ಲಬೇಕಾಯಿತು. ಹಿರಿಯ ಹಮಾಲ ಫಕ್ಕೀರಪ್ಪ ಪ್ರತಿ ಸಲವೂ ಗೋಡೆಯ ಕಡೆ ತಿರುಗಿ ನಿಲ್ಲುತ್ತಿದ್ದ. ಯಾಕೋ ಎಂದರೆ, "ನೀವು ಮುಗಿಸ್ಕೊಳ್ರಿ ಅವ್ವಾರ" ಎನ್ನುತ್ತಿದ್ದ.

ಮಗಳು ನೀಲವ್ವನನ್ನು ಚಿಕ್ಕೇರೂರಿಗೆ ಕೊಟ್ಟಿದ್ದೆವು. ಆ ವರ್ಷ ಅವಳಿಗೆ ಕಾಮಾಲೆಯಾಗಿ ಹಾಸಿಗೆ ಹಿಡಿದಳು. ಎದ್ದ ಮೇಲೆ ಅಲ್ಲಿಯ ಅಂಚೆ ಕಚೇರಿಯಿಂದ ಆಗಾಗ ಫೋನ್ ಮಾಡಿ "ಆರಾಮ ಅದೇನಿ" ಎನ್ನುತ್ತಿದ್ದಳು. ನಾನು ಇವರ ಕಡೆ ತಿರುಗಿ "ಆರಾಮ ಅದಾಳಂತ್ರಿ" ಎನ್ನುತ್ತಿದ್ದೆ. ಇವರಿಗೆ ನಂಬಿಕೆ ಬರುತ್ತಿರಲಿಲ್ಲ.

"ಅಕಿ ಏನಂದ್ಲು ಅನ್ನೋದು ನೀ ಹೇಳ್ತಿ. ಹೆಂಗ ಅಂದ್ಲು ಅನ್ನೋದು ಯಾರು ಹೇಳ್ಬೇಕು? ದನಿ ಕೇಳಿದ್ರ ನನಗ ತಿಳೀತಿತ್ತು."

"ದನಿ ಏನು ಡಬ್ಬಿಯಾಗ ಹಾಕಿ ಕೊಡ್ಲ್ಯಾ?" ಎಂದೆ. ಅಂದೆ ನಿಜ, ಆದರೆ ಆ ದಿನ ಅವರು ಅರ್ಧ ರೊಟ್ಟಿಗೇ ಕೈ ತೊಳೆದದ್ದನ್ನು ನೋಡಿದೆ. ಹೋಗಿ ನೋಡಿಬರೋಣವೆಂದರೆ ಸುಗ್ಗಿಯ ಕಾಲ. ಅದೂ ಅಲ್ಲದೆ, ಹೆಣ್ಣು ಕೊಟ್ಟ ಮನೆಗೆ ಕರೆಯದೆ ಮೇಲಿಂದ ಮೇಲೆ ಹೋದರೆ ಬೀಗರು, ನಾವು ನೋಡಿಕೊಳ್ಳುವುದಿಲ್ಲವೇ ಎಂದು ಮುಖ ಊದಿಸುತ್ತಾರೆ.

ಇದನ್ನು ಕೇಳಿದ ನನ್ನ ತಮ್ಮ ಮುಂಬಯಿಯಿಂದ ಬರುವಾಗ, ಕಿವಿ ಮಂದ ಇದ್ದವರಿಗೆಂದೇ ಮಾಡಿದ ರಿಸೀವರೊಂದನ್ನು ತಂದ. ನೋಡಲು ಹಳೆಯದರ ಹಾಗೆಯೇ. ಹಿಡಿಯಲ್ಲಿ ಮಾತ್ರ ಒಂದು ಸಣ್ಣ ಚಕ್ರ. ತಿರುವಿದಂತೆ ದನಿ ಏರುತ್ತದೆ. ಲೈನ್‌ಮ್ಯಾನ್ ಬಂದು ಕೂರಿಸಿಕೊಟ್ಟ. ನನ್ನ ಗಂಡ ಅದನ್ನು ಸಂತೆಯಲ್ಲಿ ಎತ್ತು ನೋಡುವ ಹಾಗೆ ಹಿಂದೆ ಮುಂದೆ ನೋಡಿದರು.

ಮರುದಿನ ಫೋನಿನ ಗಂಟೆ ಬಾರಿಸಿತು. ಇವರು ತಾವೇ ಎತ್ತಿಕೊಂಡು, ಹಲೋ ಎಂದು, ಚಕ್ರವನ್ನು ಕೊನೆಯ ತನಕ ತಿರುವಿದರು. ಒಳಗಿನ ದನಿ ಅಂಗಡಿಗೆಲ್ಲ ಕೇಳಿತು: "ಅಪ್ಪಾರ, ಅವ್ವಗ ಕೊಡ್ರಿ."

ಫೋನಿನಲ್ಲಿ ಇವರು ಮಗಳಿಂದ ಕೇಳಿದ ಮೊದಲ ಮಾತು ಅದು.

"ಕೊಡಂಗಿಲ್ಲ. ನನಗ ಕೇಳಾಕತ್ತೈತಿ. ಹೇಳು."

ಅವಳಾದರೂ ಏನು ಹೇಳಬೇಕು? ನಮ್ಮ ಮನೆಗಳಲ್ಲಿ ಹೆಣ್ಣುಮಕ್ಕಳು ತಂದೆಗೆ ಹೇಳುವುದನ್ನು ತಾಯಿಯ ಕೈಯಲ್ಲೇ ಹೇಳಿಸುತ್ತಾರೆ, ತಂದೆಗೆ ಕಿವಿ ಕೇಳಲಿ ಬಿಡಲಿ. ಕಡೆಗೆ "ಆರಾಮ ಅದೇನ್ರಿ" ಎಂದಳು.

ಇವರು ರಿಸೀವರನ್ನು ಕಿವಿಗೆ ಇನ್ನಷ್ಟು ಒತ್ತಿ ಹಿಡಿದರು. "ಇಲ್ಲ. ನಿನ್ನ ದನಿ ಸೋತೈತಿ. ಒಂದು ಮಾತಿಗೆ ಎರಡು ಸಲ ಉಸಿರು ತಗೊಳ್ಳಾಕತ್ತಿ. ನಾಲ್ಕು ದಿನ ತವರಿಗೆ ಬಾ. ಬೀಗರಿಗೆ ನಾ ಹೇಳ್ತೇನಿ."

ಅವಳು ಮೂಗು ಏರಿಸಿದ ಸಪ್ಪಳ ಜೋಳದ ಚೀಲಗಳ ತನಕ ಬಂತು. ಫಕ್ಕೀರಪ್ಪ ಈ ಸಲವೂ ಗೋಡೆಯ ಕಡೆ ತಿರುಗಿದ.

ನನಗೆ ಅದೇ ದನಿ ಅಷ್ಟು ದಿನವೂ ಗಟ್ಟಿಯಾಗಿ ಕೇಳಿತ್ತು. ನನಗೆ ಕೇಳಲೆಂದು ಅವಳು ಇದ್ದ ಶಕ್ತಿಯನ್ನೆಲ್ಲ ಹಾಕಿ ಕೂಗುತ್ತಿದ್ದಳೆಂದು, ಚಿಕ್ಕೇರೂರಿನ ಅಂಚೆ ಕಚೇರಿಯವರಿಗೆ ನಮ್ಮ ಮನೆಯ ಸುದ್ದಿಯೆಲ್ಲ ಬಾಯಿಪಾಠವಾಗಿತ್ತೆಂದು ಆಮೇಲೆ ತಿಳಿಯಿತು. ಆವತ್ತು ಮಾತ್ರ ನನಗೆ ಅದರ ಸುಳಿವಿರಲಿಲ್ಲ. ಇವರು ರಿಸೀವರ್ ಕೊಟ್ಟ ಕೂಡಲೇ, ಕೆಪ್ಪರ ಚಕ್ರ ನನಗೇಕೆ ಎಂದು ಅದನ್ನು ಪೂರ್ತಿ ಹಿಂದಕ್ಕೆ ತಿರುವಿದೆ. ಮಗಳು ಬಾವಿಯ ತಳಕ್ಕೆ ಇಳಿದುಹೋದಳು. ಅಲ್ಲಿಂದ ಏನೋ ಕೇಳಿದಳು. "ಹೂಂ" ಎಂದೆ. ಮತ್ತೆ ಕೇಳಿದಳು. ಇನ್ನಷ್ಟು ಗಟ್ಟಿಯಾಗಿ "ಹೂಂ" ಎಂದೆ.

ಇವರು ನನ್ನ ಮುಖವನ್ನೇ ನೋಡುತ್ತಿದ್ದವರು ರಿಸೀವರ್ ತೆಗೆದುಕೊಂಡರು. ಚಕ್ರ ತಿರುವಿ ಕೇಳಿದರು. ನನ್ನ ಕಡೆ ತಿರುಗಿ, ಒಂದೊಂದೇ ಮಾತು ಬಿಡಿಸಿ ಹೇಳಿದರು.

"ಸೋಮವಾರ ಬರ್ಲ್ಯೋ, ಗುರುವಾರ ಬರ್ಲ್ಯೋ ಅಂತ ಅಕಿ ಕೇಳಿದ್ರ ನೀ ಹೂಂ ಅಂದಿಯಂತ."

"ತಪ್ಪೇನೈತಿ?" ಎಂದೆ. "ಸೋಮವಾರ ಬರ್ಲಿ. ಗುರುವಾರಾನೂ ಇಲ್ಲೇ ಇರ್ಲಿ."

ಸೋಮವಾರವೇ ಬಂದಳು, ಕೆನ್ನೆಗೆ ರಕ್ತ ತುಂಬುವ ತನಕ ಇದ್ದು ಹೋದಳು. ಚಕ್ರ ಮಾತ್ರ ಆವತ್ತಿನಿಂದ ಇವರು ಇಟ್ಟಲ್ಲೇ ಇದೆ. ಪಾಪ, ಅವರ ಸಲುವಾಗಿ ಇರಲಿ ಎಂದು ನಾನು ಅದನ್ನು ಮುಟ್ಟುವುದಿಲ್ಲ.